ಇದು ಯಾರ ವರ್ಷ

ಬೇಲೂರಿನಲ್ಲಿ ಹುಂಡಿ ಎಣಿಸುವ ದಿನ
ಜಮಖಾನದ ಮೇಲೆ ಕಾಸು ಸುರಿಯುತ್ತಾರೆ.
ಬ್ಯಾಂಕಿನಿಂದ ನಾನು, ಮುಜರಾಯಿಯಿಂದ ಇಬ್ಬರು,
ತಲೆಯ ಮೇಲೊಂದು ಕ್ಯಾಮೆರಾ.
ನಮ್ಮದಲ್ಲದ್ದನ್ನು ಒಂದು ಮೂಲೆಗೆ ತಳ್ಳುತ್ತೇವೆ:
ಅರಬರ ದಿರ್ಹಮ್ಮು, ಯಾರದೋ ಕೋಟಿನ ಗುಂಡಿ,
ತೂತಿರುವ ಹಿತ್ತಾಳೆ ಬಿಲ್ಲೆ.
ಮೂಲೆ ತುಂಬಿದಾಗ ಹರಾಜು.
ಕೂಗುವವನು ನಾನೊಬ್ಬನೇ.
ತೂಕದ ಲೆಕ್ಕ. ರಸೀದಿ ಇದೆ, ಕೇಳಿದರೆ ತೋರಿಸುತ್ತೇನೆ.

ತೂತಿನದು ಪಂಪಿನ ವಾಷರು ಎಂದೇ ತಿಳಿದಿದ್ದೆ.
ಅಲ್ಲ, ಜಪಾನಿನದು, ಅಂದವನು ಗೈಡ್ ಇಂದುಶೇಖರ,
ಕ್ಯಾಸೆಟ್ ಕೇಳಿ ಆ ಭಾಷೆ ಕಲಿತವನು.
ಅಲ್ಲಿ ದೇವರಿಗೆ ಐದು ಯೆನ್ನೇ ಹಾಕುವುದಂತೆ,
ಐದು ಯೆನ್ನಿಗೂ ನಂಟಿಗೂ ಅವರ ಬಾಯಲ್ಲಿ ಒಂದೇ ಸದ್ದಂತೆ.
ಇಸವಿ ಎಲ್ಲಿ, ಕೇಳಿದೆ.
ಇಸವಿ ಇಲ್ಲ ಸಾರ್, ದೊರೆ ಇದ್ದಾನೆ.

ದೊರೆ ಪಟ್ಟಕ್ಕೆ ಬಂದ ವರ್ಷ ಒಂದು.
ಅವನಿರುವ ತನಕ ಎಣಿಕೆ. ಹೋದನೋ, ಮತ್ತೆ ಒಂದು.
ನಮ್ಮ ಹೊಯ್ಸಳರ ಕಲ್ಲಿನ ಹಾಗೆ, ಅಂದೆ.
ಕಲ್ಲಿನಲ್ಲಾದರೆ ಶಕವರ್ಷ ಇರುತ್ತೆ, ಸಂವತ್ಸರ ಇರುತ್ತೆ,
ಒಂದು ಸವೆದರೆ ಇನ್ನೊಂದು ಕೈ ಹಿಡಿಯುತ್ತೆ.
ಇದಕ್ಕೆ ದೊರೆಯೊಬ್ಬನೇ ಗೂಟ.

ಗುಂಡುಸೂಜಿ ಡಬ್ಬಿಯ ಮುಚ್ಚಳದೊಳಗೆ ಚೀಟಿ ಅಂಟಿಸಿಕೊಂಡೆ.
ಮೇಯ್ಜಿಗೆ ಸಾವಿರದೆಂಟುನೂರ ಅರವತ್ತೇಳು ಕೂಡಿಸು,
ತೈಶೋಗೆ ಹತ್ತೊಂಬೈನೂರ ಹನ್ನೊಂದು,
ಶೋವಾಗೆ ಹತ್ತೊಂಬೈನೂರ ಇಪ್ಪತ್ತೈದು.
ಯುದ್ಧಕ್ಕೆ ಮುಂಚಿನದಾದರೆ ಬಲದಿಂದ ಎಡಕ್ಕೆ ಓದು.
ಇದೊಂದನ್ನು ಮರೆತು ಒಂದು ಸಂಜೆ ಪೂರ್ತಿ
ಹುಟ್ಟದೇ ಇದ್ದ ದೊರೆಯೊಬ್ಬನಿಗೆ ಪಟ್ಟ ಕಟ್ಟಿದ್ದೆ.

ಶೋವಾ ಅರವತ್ತನಾಲ್ಕು ನನ್ನ ಬಳಿ ಇಲ್ಲ.
ಆ ವರ್ಷ ಇದ್ದದ್ದೇ ಏಳು ದಿನ.
ಟಂಕಸಾಲೆಯಲ್ಲಿ ಅಚ್ಚು ಆಗಲೇ ಕೊರೆದಾಗಿತ್ತು,
ಹೊಸದು ಬರುವ ತನಕ
ತೀರಿದ ವರ್ಷವನ್ನೇ ಹೊಡೆಯುತ್ತ ಕೂತರಂತೆ.
ನನಗೆ ಅದು ಅರ್ಥವಾಗುತ್ತೆ.
ಜನವರಿಯಿಡೀ ನನ್ನ ಕೌಂಟರಿಗೆ ಬರುವ ಚಲನ್ನುಗಳಲ್ಲಿ
ಹಳೇ ವರ್ಷ ಇನ್ನೂ ಉಸಿರಾಡುತ್ತಿರುತ್ತೆ.
ಹೊಡೆದು ಹಾಕಿ, ತಿದ್ದಿಸಿ, ಪಕ್ಕದಲ್ಲಿ ಸಹಿ ಮಾಡಿಸುತ್ತೇನೆ.

ಮೊನ್ನೆ ಪಿಂಚಣಿಗೆ ಗಂಗಮಾಳಮ್ಮ ಬಂದಿದ್ದಳು.
ಹುಟ್ಟಿದ ತಾರೀಕು ಕೇಳಿತು ಕಂಪ್ಯೂಟರು.
ಆಧಾರಿನಲ್ಲಿ ಜನವರಿ ಒಂದು,
ಅವಳ ಓಣಿಯವರೆಲ್ಲ ಹುಟ್ಟಿದ್ದೂ ಅವತ್ತೇ.
ಅದು ಯಾರೋ ಬರೆಸಿದ್ದು ಬಿಡಿ, ಅಂದಳು.
ಕರೆಂಟು ಕಂಬ ಹತ್ತಿದ ನಮ್ಮೆಜಮಾನರು ಇಳಿಯದೇ ಹೋದರಲ್ಲ,
ಅಲ್ಲಿಂದ ಇದು ಹನ್ನೊಂದನೇದು.
ಮೊಮ್ಮಗ ಹುಟ್ಟಿದ್ದು ಮೂರರಲ್ಲಿ.
ಹೆಂಚು ಇಳಿಸಿ ತಾರಸಿ ಹಾಕಿಸಿದ್ದು ಐದರಲ್ಲಿ.
ಕಣ್ಣಿನ ಪೊರೆ ತೆಗೆದದ್ದು, ತಡೀರಿ, ಏಳೋ ಎಂಟೋ.

ಯಾಕೋ ಡ್ರಾಯರಿನಿಂದ ಬಿಲ್ಲೆ ತೆಗೆದು
ಗಾಜಿನ ಕಿಂಡಿಯಲ್ಲಿ ಆಚೆಗೆ ಸರಿಸಿದೆ.
ಭತ್ತದ ತೆನೆ, ಅಂದಳು ನೋಡಿದ ಕೂಡಲೇ.
ತಲೆ ಬಗ್ಗಿದೆ, ಕಾಳು ಕಟ್ಟಿದೆ, ಕೆಳಗೆ ನೀರೂ ನಿಂತಿದೆ.
ಇಷ್ಟು ವರ್ಷ ನಾನು ಹಿಂಬದಿಯ ಅಕ್ಷರದಲ್ಲೇ ಇದ್ದೆ,
ತೆನೆ ಕಂಡಿರಲಿಲ್ಲ.

ಇದು ಯಾರ ವರ್ಷ?
ತೋರಿಸಿದೆ: ಪರದೆ ಕಟ್ಟಿದ ಕಿಟಕಿಯಂಥದ್ದು ನಾಲ್ಕು,
ಕೂಡುವ ಗುರುತಿನಂಥದ್ದು ಹತ್ತು,
ಬಾಲ ಎತ್ತಿದ್ದು ಒಂಬತ್ತು.
ನಾಲ್ಕು ಹತ್ತು, ಮೇಲೆ ಒಂಬತ್ತು.
ನಮ್ಮ ಲೆಕ್ಕಕ್ಕೆ ಎಪ್ಪತ್ತನಾಲ್ಕು.
ಬೆರಳ ಗೆಣ್ಣುಗಳ ಮೇಲೆ ಹಿಂದಕ್ಕೆ ನಡೆದಳು.
ಆನಂದ ಸಂವತ್ಸರ. ನಮ್ಮ ಕೆಂದಹಸು ಅವಳಿ ಹಾಕಿತ್ತು.

ತೂತಿಗೆ ಕಣ್ಣಿಟ್ಟು ನನ್ನನ್ನು ನೋಡಿದಳು.
ಇದರ ದೊರೆ ಇದ್ದಾನಾ?
ಇಲ್ಲ, ಹೋಗಿ ಬಹಳ ಕಾಲವಾಯಿತು.
ಕಾಸು ಗಟ್ಟಿಯಾಗಿದೆ, ಅಂದು ವಾಪಸು ಕೊಟ್ಟು
ನೋಟು ಎಣಿಸಿಕೊಂಡು ಹೊರಟಳು.

ಸಂಜೆ ಲೆಕ್ಕ ಮುಚ್ಚುವಾಗ ಮ್ಯಾನೇಜರು
ಅವಳ ಚೀಟಿ ತಂದು ನನ್ನ ಮುಂದಿಟ್ಟರು.
ಹೆಬ್ಬೆಟ್ಟು ಸರಿ. ಮೊತ್ತ ಸರಿ.
ಇಸವಿಯ ಜಾಗದಲ್ಲಿ
ನನ್ನದೇ ಅಕ್ಷರದಲ್ಲಿ
ಹನ್ನೊಂದು.